ಅಮಲು, ಹೆದ್ದಾರಿ ಮತ್ತು ನಮ್ಮ ಮೌನ

2025ರ ಅಕ್ಟೋಬರ್ 24ರ ನಸುಕಿನಲ್ಲಿ, ಆಂಧ್ರಪ್ರದೇಶದ ಕರ್ನೂಲು ಬಳಿಯ ಚಿನ್ನಟೇಕೂರಿನಲ್ಲಿ, ಹೈದರಾಬಾದಿನಿಂದ ಬೆಂಗಳೂರಿಗೆ ಬರುತ್ತಿದ್ದ ಖಾಸಗಿ ಬಸ್ಸೊಂದು ಹೊತ್ತಿ ಉರಿಯಿತು. ಬಸ್ಸಿನೊಳಗೆ ನಿದ್ದೆಯಲ್ಲಿದ್ದವರ ಪೈಕಿ 19 ಮಂದಿ ಅಲ್ಲೇ ಬೂದಿಯಾದರು. ಆರಂಭದಲ್ಲಿ ಎಲ್ಲರ ಸಿಟ್ಟು ಬಸ್ಸಿನ ಮಾಲಕರ ಮೇಲಿತ್ತು. ಆ ಸಿಟ್ಟಿಗೆ ಕಾರಣಗಳೂ ಇದ್ದುವು. ಆದರೆ ತನಿಖೆ ಮುಂದುವರಿದಂತೆ ಇನ್ನೊಂದು ಸಂಗತಿ ಹೊರಬಿತ್ತು. ಬಸ್ಸು ಬರುವುದಕ್ಕೆ ತುಸು ಮೊದಲು ಬೈಕ್ ಸವಾರನೊಬ್ಬ ತಾನಾಗಿಯೇ ರಸ್ತೆ ವಿಭಜಕಕ್ಕೆ ಗುದ್ದಿ ಸತ್ತಿದ್ದ. ಆತನ ಬೈಕು ರಸ್ತೆಯ ನಡುವೆ ಬಿದ್ದಿತ್ತು. ಆ ಬೈಕಿನ ಮೇಲೆ ಹತ್ತಿದ ಬಸ್ಸು ಅದನ್ನು ಎಳೆದುಕೊಂಡು ಹೋಯಿತು, ಕಿಡಿ ಹಾರಿತು. ಆ ಸವಾರ ಮದ್ಯ ಸೇವಿಸಿದ್ದನೆಂಬುದನ್ನು ವಿಧಿವಿಜ್ಞಾನ ಪ್ರಯೋಗಾಲಯದ ವರದಿ ದೃಢಪಡಿಸಿತು. ಅಪರಾತ್ರಿಯಲ್ಲಿ ಅಮಲೇರಿಸಿಕೊಂಡು ಬೈಕ್ ಏರಿದ ಒಬ್ಬ ಯುವಕ, ತನಗೆ ಪರಿಚಯವೇ ಇಲ್ಲದ 19 ಮನೆಗಳ ದೀಪ ಆರಿಸಲು ಕಾರಣನಾದ.

ಇಂತಹ ಸುದ್ದಿಗೆ ನಮ್ಮ ಮನೆಗಳಲ್ಲಿ ಒಂದು ಸಿದ್ಧ ಪ್ರತಿಕ್ರಿಯೆಯಿದೆ: 'ಕುಡಿಯುವವರ ಹಣೆಬರಹ ಅಷ್ಟೆ, ನಮಗೂ ಅದಕ್ಕೂ ಏನು ಸಂಬಂಧ?' ಮದ್ಯವನ್ನು ಹರಾಮ್ ಎಂದು ನಂಬುವ ಸಮುದಾಯಕ್ಕೆ ಈ ಮಾತು ಸಲೀಸಾಗಿ ಬರುತ್ತದೆ. ನಿಜವಾಗಿ ಈ ಸಮಾಧಾನವೇ ಅಪಾಯಕಾರಿ. ಧಾರವಾಡ ಜಿಲ್ಲೆಯ ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿಯಂತಹ ಪಟ್ಟಣಗಳನ್ನು ಮುಂದಿಟ್ಟುಕೊಂಡು ಈ ವಿಷಯವನ್ನು ಸ್ವಲ್ಪ ಬಿಡಿಸಿ ನೋಡೋಣ.

ಈ ನಾಲ್ಕೂ ಊರುಗಳು ರಸ್ತೆಯ ಮೇಲೆ ಬದುಕುವ ಊರುಗಳು. ವಿಜಯಪುರದ ಕಡೆಯಿಂದ ಬರುವ ರಾಷ್ಟ್ರೀಯ ಹೆದ್ದಾರಿ 52 ನವಲಗುಂದವನ್ನು ಹಾದು ಹುಬ್ಬಳ್ಳಿಗೆ ಬಂದು, ಕಲಘಟಗಿಯ ಮೂಲಕ ಯಲ್ಲಾಪುರ, ಅಂಕೋಲೆಯತ್ತ ಇಳಿಯುತ್ತದೆ. ಗದಗ, ಹೊಸಪೇಟೆಯ ಕಡೆ ಹೋಗುವ ಹೆದ್ದಾರಿ 67 ಅಣ್ಣಿಗೇರಿಗೆ ತಾಗಿಕೊಂಡೇ ಹೋಗುತ್ತದೆ. ಕುಂದಗೋಳದ ಮೂಲಕ ಲಕ್ಷ್ಮೇಶ್ವರದ ರಸ್ತೆ. ಸಂತೆ, ಎಪಿಎಂಸಿ, ಆಸ್ಪತ್ರೆ, ಕಾಲೇಜು, ಮದುವೆ ಎಲ್ಲಕ್ಕೂ ಹುಬ್ಬಳ್ಳಿಯೇ ಆಗಬೇಕು. ಇಪ್ಪತ್ತರಿಂದ ನಲವತ್ತು ಕಿಲೋಮೀಟರಿನ ಈ ದಾರಿಯಲ್ಲಿ ಗೂಡ್ಸ್ ಲಾರಿ, ಸರಕಾರಿ ಬಸ್ಸು, ಟಂಟಂ, ಕ್ರೂಸರ್, ಈರುಳ್ಳಿ ಮತ್ತು ಹತ್ತಿ ಹೇರಿದ ಟ್ರ್ಯಾಕ್ಟರು, ಇವೆಲ್ಲದರ ನಡುವೆ ಬೈಕು. ಸುಗ್ಗಿಯ ದಿನಗಳಲ್ಲಿ ಹಿಂದಿನ ದೀಪವಿಲ್ಲದ ಟ್ರೇಲರುಗಳು ಎರೆಹೊಲದ ಕತ್ತಲೆಯಲ್ಲಿ ಕತ್ತಲೆಯಾಗಿಯೇ ಚಲಿಸುತ್ತಿರುತ್ತವೆ. ಮದ್ಯ ಮುಟ್ಟದವನಿಗೂ ಈ ದಾರಿ ಸುಲಭದ್ದಲ್ಲ.

ಸಣ್ಣ ಊರಿನಲ್ಲಿ ಪ್ರತಿಯೊಬ್ಬನೂ ಯಾರದೋ ಮಗ, ಯಾರದೋ ಅಳಿಯ. ಮಸೀದಿಯಿರುವ ಓಣಿಯ ಹುಡುಗ ಊರಿನ ಬಾರಿನ ಮೆಟ್ಟಿಲು ಹತ್ತಿದರೆ ಇಶಾ ನಮಾಝಿನೊಳಗೆ ಸುದ್ದಿ ತಂದೆಯ ಕಿವಿಗೆ ಬಿದ್ದಿರುತ್ತದೆ. ಹಾಗಾಗಿ ಆತ ಊರಲ್ಲಿ ಕುಡಿಯುವುದಿಲ್ಲ. ಗೆಳೆಯರೊಂದಿಗೆ ಬೈಕ್ ಏರಿ ಹತ್ತಾರು ಕಿಲೋಮೀಟರ್ ಆಚೆಯ ಢಾಬಾಕ್ಕೆ, ಯಾರೂ ಗುರುತಿಸದ ಕ್ರಾಸಿಗೆ ಹೋಗುತ್ತಾನೆ. ವಾಸನೆ ಇಳಿಯಲೆಂದು ತಡಮಾಡುತ್ತಾನೆ, ಬಾಯಿಗೆ ಗುಟಕಾ ಹಾಕುತ್ತಾನೆ, ಮನೆಯವರು ಮಲಗಿದ ಮೇಲೆ ಹೆದ್ದಾರಿಯಲ್ಲಿ ಮರಳುತ್ತಾನೆ. ನಾವು ಕುಡಿತಕ್ಕೆ ಅಂಟಿಸಿದ ನಾಚಿಕೆ ಕುಡಿತವನ್ನು ನಿಲ್ಲಿಸಲಿಲ್ಲ. ಅದನ್ನು ಊರಿನಿಂದ ಎತ್ತಿ ಹೆದ್ದಾರಿಯ ಮೇಲೆ ಇಟ್ಟಿತು. ಹಾಗಂತ ನಾಚಿಕೆಯೇ ಬೇಡವೆಂದು ನಾವು ಹೇಳುತ್ತಿಲ್ಲ. ನಾಚಿಕೆಯೊಂದನ್ನೇ ನೆಚ್ಚಿಕೊಂಡು ಮಾತು ಬಿಟ್ಟ ತಂದೆ, ಮಗ ರಾತ್ರಿ ಎಲ್ಲಿಗೆ ಹೋಗುತ್ತಾನೆಂದು ಕೇಳುವುದನ್ನೂ ಬಿಟ್ಟಿರುತ್ತಾನೆ ಎಂಬುದಷ್ಟೇ ನಮ್ಮ ದೂರು.

ಮದ್ಯಸೇವನೆಯಿಂದ ಎಷ್ಟು ಅಪಘಾತಗಳಾಗುತ್ತವೆ ಎಂಬುದಕ್ಕೆ ಸರಕಾರಿ ಅಂಕಿಅಂಶಗಳಿವೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಇವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ದ್ವಿಚಕ್ರ ವಾಹನಗಳಲ್ಲಿದ್ದವರು. ಕರ್ನಾಟಕದ ಪಾಲು ಹನ್ನೊಂದು ಸಾವಿರಕ್ಕೂ ಹೆಚ್ಚು. ಆದರೆ ಮದ್ಯ ಅಥವಾ ಮಾದಕವಸ್ತುವಿನಿಂದಾದ ಸಾವುಗಳೆಂದು ದಾಖಲಾದವು ನೂರಕ್ಕೆ ಮೂರಕ್ಕಿಂತಲೂ ಕಡಿಮೆ. ನೂರಕ್ಕೆ ಎಪ್ಪತ್ತರಷ್ಟು ಸಾವುಗಳು ಅತಿವೇಗದ ಖಾತೆಗೆ ಹೋಗಿವೆ. ಈ ಲೆಕ್ಕವನ್ನು ನಂಬೋಣವೇ? ಅತಿವೇಗ ಎಂಬುದು ಸುಲಭವಾಗಿ ಬರೆಯಬಹುದಾದ ಕಾರಣ. ಅಮಲನ್ನು ಸಾಬೀತುಪಡಿಸಲು ಉಸಿರು ಅಥವಾ ರಕ್ತದ ಪರೀಕ್ಷೆ ಬೇಕು, ಅದೂ ಸಕಾಲದಲ್ಲಿ. ಗಾಯಾಳುವನ್ನು ತಾಲೂಕು ಆಸ್ಪತ್ರೆಗೆ ತಂದು, ಅಲ್ಲಿಂದ ಕಿಮ್ಸ್ ಎಂದೇ ಜನ ಕರೆಯುವ ಹುಬ್ಬಳ್ಳಿಯ ಆಸ್ಪತ್ರೆಗೆ ಸಾಗಿಸುವಷ್ಟರಲ್ಲಿ ಗಂಟೆಗಳು ಉರುಳುತ್ತವೆ. ಬಂಧುಗಳು ಸುತ್ತುವರಿದು 'ಕುಡಿದದ್ದನ್ನು ಬರೆಯಬೇಡಿ, ಮರ್ಯಾದೆಯ ಪ್ರಶ್ನೆ' ಎನ್ನುತ್ತಾರೆ. ಮುಚ್ಚಿಡುವುದರಲ್ಲಿ ಎಲ್ಲ ಸಮುದಾಯಗಳೂ ಒಂದೇ. ಆದರೆ ಮುಚ್ಚಿಡಲು ನಮಗಿರುವ ಕಾರಣ ಇತರರಿಗಿಂತ ಒಂದು ಹೆಚ್ಚು.

ಕಾನೂನು ಏನು ಹೇಳುತ್ತದೆ ಎಂಬುದು ನಮ್ಮ ಯುವಕರಿಗೆ ಮಾತ್ರವಲ್ಲ, ಹಿರಿಯರಿಗೂ ಸರಿಯಾಗಿ ಗೊತ್ತಿಲ್ಲ. ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನಿನ ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಾಂಶವಿದ್ದರೆ ಅಪರಾಧ. 2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಬಳಿಕ, ಮೊದಲ ಸಲ ಸಿಕ್ಕಿಬಿದ್ದರೆ ಆರು ತಿಂಗಳವರೆಗೆ ಸೆರೆವಾಸ ಅಥವಾ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಮತ್ತೆ ಸಿಕ್ಕಿಬಿದ್ದರೆ ಎರಡು ವರ್ಷದವರೆಗೆ ಸೆರೆವಾಸ, 15,000 ರೂಪಾಯಿ ದಂಡ. ಹೆಲ್ಮೆಟ್ ಇಲ್ಲದ್ದಕ್ಕೆ ಕಟ್ಟುವಂತೆ ರಸ್ತೆಬದಿಯಲ್ಲೇ ದಂಡ ಕಟ್ಟಿ ರಶೀದಿ ಪಡೆದು ಹೋಗುವ ಅಪರಾಧ ಇದಲ್ಲ. ನ್ಯಾಯಾಲಯದ ಮುಂದೆ ನಿಲ್ಲಲೇಬೇಕು. ಪೊಲೀಸರು ಚಾಲನಾ ಪರವಾನಗಿಯನ್ನು ವಶಕ್ಕೆ ತೆಗೆದುಕೊಂಡು ಅದರ ಅಮಾನತಿಗೆ ಕಳುಹಿಸಬಹುದು. ಟಂಟಂ ಅಥವಾ ಲಾರಿ ಓಡಿಸಿಯೇ ಮನೆ ನಡೆಸುವವನ ಪಾಲಿಗೆ ಹತ್ತು ಸಾವಿರದ ದಂಡಕ್ಕಿಂತ ಇದು ದೊಡ್ಡ ಶಿಕ್ಷೆ.

ಅದೇ ಕಾಯ್ದೆಯ 188ನೇ ಸೆಕ್ಷನ್ ಯಾರ ಗಮನಕ್ಕೂ ಬರುವುದಿಲ್ಲ. ಕುಡಿದು ಓಡಿಸಲು ಕುಮ್ಮಕ್ಕು ಕೊಟ್ಟವನಿಗೂ ಓಡಿಸಿದವನಷ್ಟೇ ಶಿಕ್ಷೆ ಎಂದು ಅದು ಹೇಳುತ್ತದೆ. ಗೆಳೆಯ ತೂರಾಡುತ್ತಿರುವುದನ್ನು ಕಂಡೂ ಬೈಕಿನ ಕೀಲಿ ಕೈಗಿಟ್ಟವನು, 'ಬೇಗ ಹೋಗಿ ಮಾಲು ಇಳಿಸಿ ಬಾ' ಎಂದು ಚಾಲಕನನ್ನು ಕಳುಹಿಸಿದ ಮಾಲಕ, ಇವರೆಲ್ಲ ಇದರ ವ್ಯಾಪ್ತಿಗೆ ಬರಬಹುದು. ಪ್ರವಾದಿಯವರು(ಸ) ಮದ್ಯಕ್ಕೆ ಸಂಬಂಧಿಸಿ ಕುಡಿಯುವವನನ್ನು ಮಾತ್ರ ಶಪಿಸಲಿಲ್ಲ. ತಯಾರಿಸುವವನು, ಹೊರುವವನು, ಮಾರುವವನು, ಸುರಿದುಕೊಡುವವನು ಎಂದು ಹತ್ತು ಮಂದಿಯನ್ನು ಹೆಸರಿಸಿದರು ಎಂಬುದು ನಮ್ಮ ಮಸೀದಿಗಳಲ್ಲಿ ಎಷ್ಟೋ ಸಲ ಕೇಳಿಬಂದ ವಿಷಯ. ಹೊರುವವನನ್ನೂ ಸುರಿದುಕೊಡುವವನನ್ನೂ ಬಿಡದ ಆ ಪಟ್ಟಿಯನ್ನು ಕೇಳುತ್ತಾ ಬೆಳೆದ ನಮಗೆ, ಕೀಲಿ ಕೊಟ್ಟವನೂ ಹೊಣೆಗಾರ ಎಂಬ ತರ್ಕ ಹೊಸದೆನಿಸಬೇಕಾಗಿಲ್ಲ.

ಇನ್ನು, ಕುಡಿದು ಓಡಿಸಿ ಯಾರನ್ನಾದರೂ ಕೊಂದರೆ? ನಿರ್ಲಕ್ಷ್ಯದಿಂದಾದ ಸಾವಿಗೆ ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನಿನ ಪ್ರಕಾರ ಐದು ವರ್ಷಗಳವರೆಗೆ ಸೆರೆವಾಸವಿದೆ. ಹಳೆಯ ದಂಡಸಂಹಿತೆಯಲ್ಲಿ ಇದು ಎರಡು ವರ್ಷವಿತ್ತು. ಆದರೆ ಎಲ್ಲ ಪ್ರಕರಣಗಳೂ ನಿರ್ಲಕ್ಷ್ಯದ ಮಟ್ಟದಲ್ಲೇ ನಿಲ್ಲುವುದಿಲ್ಲ. 2006ರ ನವೆಂಬರಿನಲ್ಲಿ ಮುಂಬೈಯ ಬಾಂದ್ರಾದಲ್ಲಿ ಕುಡಿದು ಕಾರು ಓಡಿಸಿದ ಯುವಕನೊಬ್ಬ ಕಾಲುದಾರಿಯ ಮೇಲೆ ಮಲಗಿದ್ದ ಏಳು ಮಂದಿಯನ್ನು ಕೊಂದ. ಕುಡಿದು ಹೀಗೆ ಓಡಿಸಿದರೆ ಜನ ಸಾಯಬಹುದೆಂಬ ಅರಿವು ಆತನಿಗಿತ್ತು ಎಂದು ಪರಿಗಣಿಸಿ, ಕೊಲೆಯಲ್ಲದ ಮಾನವಹತ್ಯೆಯ ಅಪರಾಧಕ್ಕೆ ವಿಧಿಸಿದ ಶಿಕ್ಷೆಯನ್ನು 2012ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು.

ಅಷ್ಟಕ್ಕೂ ಪಟ್ಟಣಗಳಲ್ಲಿ ಎಷ್ಟು ಪ್ರಕರಣಗಳು ನ್ಯಾಯಾಲಯದ ತನಕ ಗಟ್ಟಿಯಾಗಿ ತಲುಪುತ್ತವೆ? ಇಲ್ಲಿ ನಾವು ನಮ್ಮ ಜಮಾಅತಿನ ಹಿರಿಯರೊಂದಿಗೆ ಸ್ವಲ್ಪ ಕಟುವಾಗಿ ಮಾತನಾಡಬೇಕಾಗಿದೆ. ಒಂದು ಸನ್ನಿವೇಶವನ್ನು ಊಹಿಸಿ. ಬೈಕ್ ಡಿಕ್ಕಿಯಾಗಿ ಒಬ್ಬ ಹಮಾಲ ಸಾಯುತ್ತಾನೆ. ಗುದ್ದಿದವನು ಕುಡಿದಿದ್ದ, ಅವನೂ ಅದೇ ಊರಿನವನು. ದಫನ ಮುಗಿದ ಮೂರನೆಯ ದಿನ ನಾಲ್ಕು ಮಂದಿ ಕುಳಿತು ರಾಜಿ ಮಾಡಿಸುತ್ತಾರೆ. ವಿಧವೆಯ ಕೈಗೆ ಒಂದಿಷ್ಟು ಹಣ ಇಡಲಾಗುತ್ತದೆ. 'ಕೋರ್ಟು ಕಚೇರಿ ಅಲೆಯಬೇಡ ಬೇಟಿ, ಹೆಣದ ಮೇಲಿನ ದುಡ್ಡು ಬರ್ಕತ್ ಆಗುವುದಿಲ್ಲ' ಎಂದು ಉಪದೇಶಿಸಲಾಗುತ್ತದೆ. ಸಾಕ್ಷಿಗಳಿಗೆ ಏನನ್ನೂ ಕಾಣಲಿಲ್ಲವೆಂದು ಹೇಳಲು ಸೂಚಿಸಲಾಗುತ್ತದೆ.

ಈ ರಾಜಿಯಿಂದ ಯಾರಿಗೆ ಲಾಭ? ಸಾವಿನ ಪ್ರಕರಣವನ್ನು ಊರಿನ ಪಂಚಾಯಿತಿಯಲ್ಲಿ ಮುಗಿಸಲು ಕಾನೂನಿನಲ್ಲಿ ಅವಕಾಶವಿಲ್ಲ. ಆದರೆ ಸಾಕ್ಷಿ ಸತ್ತರೆ ಪ್ರಕರಣವೂ ಸಾಯುತ್ತದೆ. ಅದಕ್ಕಿಂತ ದೊಡ್ಡ ನಷ್ಟವೆಂದರೆ, ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಆ ವಿಧವೆಗೆ ದೊರೆಯಬೇಕಾಗಿದ್ದ ಪರಿಹಾರ. ಮೃತನ ವಯಸ್ಸು, ಸಂಪಾದನೆ, ಅವನನ್ನು ಅವಲಂಬಿಸಿದವರ ಸಂಖ್ಯೆ ಇವುಗಳ ಆಧಾರದಲ್ಲಿ ನ್ಯಾಯಮಂಡಳಿ ಅದನ್ನು ಲೆಕ್ಕಹಾಕುತ್ತದೆ. ದುಡಿಯುವ ವಯಸ್ಸಿನ ಮನುಷ್ಯನ ಸಾವಿಗೆ ಸಿಗುವ ಮೊತ್ತ ಸಾಮಾನ್ಯವಾಗಿ ರಾಜಿಯ ಹಣದ ಹಲವು ಪಟ್ಟು. ವಾಹನದ ವಿಮೆ ಚಾಲ್ತಿಯಲ್ಲಿದ್ದರೆ ಅದನ್ನು ಕೊಡಬೇಕಾದದ್ದು ವಿಮಾ ಕಂಪೆನಿ. ಚಾಲಕ ಕುಡಿದಿದ್ದ ಎಂಬ ಕಾರಣವನ್ನು ಕಂಪೆನಿ ಮುಂದೊಡ್ಡಿದಾಗಲೂ, ಮೊದಲು ಸಂತ್ರಸ್ತರಿಗೆ ಪಾವತಿಸಿ ಆ ಬಳಿಕ ವಾಹನದವರಿಂದ ವಸೂಲಿ ಮಾಡಿಕೊಳ್ಳಿ ಎಂದು ನ್ಯಾಯಾಲಯಗಳು ಆದೇಶಿಸಿದ ಉದಾಹರಣೆಗಳಿವೆ. 'ಕುಡಿದದ್ದು ಗೊತ್ತಾದರೆ ನಿನಗೂ ಏನೂ ಸಿಗದು' ಎಂದು ವಿಧವೆಯನ್ನು ಹೆದರಿಸುವವರು ಇದನ್ನು ತಿಳಿದಿರಬೇಕು.

ಹೆಣದ ಮೇಲಿನ ದುಡ್ಡು ಎಂಬ ಮಾತಿಗೂ ಉತ್ತರಿಸಬೇಕು. ಪ್ರಮಾದದಿಂದಾದ ಹತ್ಯೆಗೂ ಮೃತನ ವಾರೀಸುದಾರರಿಗೆ ಪರಿಹಾರ ಕೊಡಬೇಕೆಂದು ಪವಿತ್ರ ಕುರ್‌ಆನ್ 'ಅನ್ನಿಸಾ' ಅಧ್ಯಾಯದಲ್ಲಿ ವಿಧಿಸಿದೆ. ಅದು ವಾರೀಸುದಾರರ ಹಕ್ಕು. ಅದನ್ನು ಕ್ಷಮಿಸುವ ಅಧಿಕಾರವೂ ಅವರದ್ದೇ ಹೊರತು ಅವರ ಪರವಾಗಿ ಉದಾರಿಗಳಾಗುವ ಹಿರಿಯರದ್ದಲ್ಲ. ಅನಾಥರ ಹಕ್ಕಿನ ವಿಷಯದಲ್ಲಿ ಅದೇ ಅಧ್ಯಾಯ ಎಷ್ಟು ಕಠಿಣವಾಗಿದೆ ಎಂಬುದನ್ನು ರಾಜಿಗೆ ಕೂರುವ ಮೊದಲು ಒಮ್ಮೆ ಓದಿಕೊಳ್ಳುವುದು ಒಳ್ಳೆಯದು.

ಇನ್ನು ಕುಡಿದು ಓಡಿಸಿ ತಾನೇ ಸತ್ತವನ ಮನೆಯ ಸ್ಥಿತಿ ಇನ್ನೂ ಶೋಚನೀಯ. ಅವನ ಮಕ್ಕಳಿಗೆ ಸಾಮಾನ್ಯವಾಗಿ ಯಾವ ಕಡೆಯಿಂದಲೂ ಪರಿಹಾರವಿಲ್ಲ. 2014ರಲ್ಲಿ ಅರಸೀಕೆರೆಯ ಬಳಿ ತನ್ನದೇ ಅತಿವೇಗದ ಚಾಲನೆಯಿಂದ ಮೃತಪಟ್ಟ ವ್ಯಕ್ತಿಯ ಕುಟುಂಬ 80 ಲಕ್ಷ ರೂಪಾಯಿ ಪರಿಹಾರ ಕೋರಿತ್ತು. ತಪ್ಪು ಮೃತನದ್ದೇ ಆಗಿದ್ದರಿಂದ ವಾರೀಸುದಾರರಿಗೆ ಪರಿಹಾರವಿಲ್ಲ ಎಂದ ಕರ್ನಾಟಕ ಹೈಕೋರ್ಟಿನ ತೀರ್ಪಿನಲ್ಲಿ ಮಧ್ಯಪ್ರವೇಶಿಸಲು 2025ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ನಿರಾಕರಿಸಿತು. ಅಲ್ಲಿದ್ದದ್ದು ವೇಗ. ಅಮಲಿದ್ದರೆ ವಿಮಾ ಪಾಲಿಸಿಯ ಷರತ್ತುಗಳು ಇನ್ನಷ್ಟು ಬಿಗಿ: ವಾಹನದ ಹಾನಿಗೂ ಹಣವಿಲ್ಲ, ಮಾಲಕ-ಚಾಲಕನ ವೈಯಕ್ತಿಕ ಅಪಘಾತ ವಿಮೆಯೂ ಇಲ್ಲ. ರಕ್ತಪರೀಕ್ಷೆ ನಡೆದಿಲ್ಲ ಎಂದ ಮಾತ್ರಕ್ಕೆ ತಪ್ಪಿಸಿಕೊಳ್ಳಲಾಗದು ಎಂಬುದೂ 2021ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನಿಂದ ಸ್ಪಷ್ಟವಾಗಿದೆ. ಬೇರೆ ಸಾಕ್ಷ್ಯಗಳಿಂದ ಅಮಲು ಸಾಬೀತಾದರೆ ಸಾಕು.

ವಿಮೆಯ ಮಾತು ಬಂದದ್ದರಿಂದ ಇನ್ನೊಂದು ವಿಷಯ. 2025ರ ಜನವರಿ 22ರ ನಸುಕಿನಲ್ಲಿ, ಕಲಘಟಗಿಯ ಮೂಲಕ ಹೋಗುವ ಇದೇ ಹೆದ್ದಾರಿಯ ಮುಂದಿನ ಭಾಗದಲ್ಲಿ, ಯಲ್ಲಾಪುರ ತಾಲೂಕಿನ ಅರೆಬೈಲ್ ಘಾಟಿಯಲ್ಲಿ ಲಾರಿ ಉರುಳಿ ಸವಣೂರಿನ ಹತ್ತು ಮಂದಿ ವ್ಯಾಪಾರಿಗಳು ಸತ್ತರು. ಕುಮಟಾದ ಸಂತೆಗೆ ಹಣ್ಣು, ತರಕಾರಿ ಒಯ್ಯುತ್ತಿದ್ದ ಬಡವರು ಅವರು. ಅಲ್ಲಿ ಮದ್ಯದ ಪ್ರಸ್ತಾಪವಿರಲಿಲ್ಲ. ಆದರೆ ಮಾಲಿನ ಮೇಲೆ ಕುಳಿತು ಹೋಗುವುದು ನಮ್ಮ ವ್ಯಾಪಾರಿಗಳಿಗೆ, ಕೂಲಿಗಳಿಗೆ ನಿತ್ಯದ ಸಂಗತಿ. ಸರಕು ಸಾಗಣೆ ವಾಹನದಲ್ಲಿ ಬಿಟ್ಟಿ ಪ್ರಯಾಣಿಕನಾಗಿ ಹೋಗುವವನಿಗೆ ವಿಮಾ ಕಂಪೆನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟ್ 2003ರಲ್ಲೇ ಹೇಳಿದೆ. ಮಾಲಿನೊಂದಿಗೆ ಹೋಗುವ ಮಾಲಿನ ಒಡೆಯನಿಗೆ ಅಥವಾ ಅವನ ಅಧಿಕೃತ ಪ್ರತಿನಿಧಿಗೆ ಮಾತ್ರ ಕಾನೂನಿನಲ್ಲಿ ಜಾಗವಿದೆ. ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಕೂತವರ ಪಾಡೂ ಇದಕ್ಕಿಂತ ಉತ್ತಮವಲ್ಲ. ಯಮನೂರಿನ ಉರೂಸಿಗೆ, ಮದುವೆಯ ದಿಬ್ಬಣಕ್ಕೆ ಟ್ರೇಲರ್ ತುಂಬಾ ಹೆಂಗಸರು ಮಕ್ಕಳನ್ನು ಕೂರಿಸಿ, ಚಾಲಕ ಕುಡಿದಿದ್ದಾನೋ ಇಲ್ಲವೋ ಎಂದು ನೋಡದೆ ಹೊರಡುವವರು ಇದನ್ನೊಮ್ಮೆ ಯೋಚಿಸಲಿ.

ಇಷ್ಟೆಲ್ಲ ಹೇಳಿದ ಮೇಲೆ ಸರಕಾರವನ್ನು ಬಿಟ್ಟುಬಿಡುವುದು ನ್ಯಾಯವಾಗದು. ಮದ್ಯಪಾನ ನಿಷೇಧಕ್ಕೆ ಪ್ರಯತ್ನಿಸಬೇಕೆಂದು ಸಂವಿಧಾನದ 47ನೇ ವಿಧಿ ಹೇಳುತ್ತದೆ. ರಾಜ್ಯ ಸರಕಾರ 2025-26ರ ಬಜೆಟಿನಲ್ಲಿ ಅಬಕಾರಿಯಿಂದ ನಿರೀಕ್ಷಿಸಿದ್ದು 40,000 ಕೋಟಿ ರೂಪಾಯಿ. 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಕುಡಿಯುವವರು ಪ್ಯಾಕೆಟಿನಿಂದ ಬಾಟಲಿಗೆ ಬಂದರು, ಖಜಾನೆ ತುಂಬಿತು. ಹೆದ್ದಾರಿಗಳಿಂದ 500 ಮೀಟರ್ ಒಳಗೆ ಮದ್ಯದಂಗಡಿಗಳಿರಬಾರದೆಂದು 2016ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟ್ ಆದೇಶಿಸಿದಾಗ ಒಂದು ಆಸೆ ಮೂಡಿತ್ತು. 2017ರ ಮಾರ್ಚಿನಲ್ಲಿ, ಇಪ್ಪತ್ತು ಸಾವಿರದವರೆಗಿನ ಜನಸಂಖ್ಯೆಯ ಊರುಗಳಲ್ಲಿ ಅದು 220 ಮೀಟರಿಗೆ ಇಳಿಯಿತು. ಅದೇ ವರ್ಷದ ಜುಲೈಯಲ್ಲಿ ಪುರಸಭಾ ವ್ಯಾಪ್ತಿಗೆ ಆದೇಶ ಅನ್ವಯಿಸದು ಎಂದಾಯಿತು. 2018ರ ಫೆಬ್ರವರಿಯಲ್ಲಿ ಗ್ರಾಮ ಪಂಚಾಯಿತಿಗಳ ವಿಷಯವನ್ನೂ ರಾಜ್ಯಗಳ ವಿವೇಚನೆಗೆ ಬಿಡಲಾಯಿತು. ಹೀಗೆ ಹದಿನಾಲ್ಕು ತಿಂಗಳುಗಳಲ್ಲಿ ಒಂದು ಒಳ್ಳೆಯ ಆದೇಶ ಕರಗಿಹೋಯಿತು. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ಸಾವಿರಾರು ಗ್ರಾಮೀಣ ಮಹಿಳೆಯರು ಮದ್ಯ ನಿಷೇಧಕ್ಕಾಗಿ ನಡೆದು ಬಂದರು. ಅವರೊಂದಿಗೆ ನಡೆದ ನಮ್ಮವರೆಷ್ಟು ಎಂದು ಕೇಳಿದರೆ ಉತ್ತರ ಸಂತೋಷದಾಯಕವಾಗಿರಲಾರದು. ಮದ್ಯ ನಮ್ಮ ಧರ್ಮದಲ್ಲಿ ನಿಷಿದ್ಧವೆಂದು ಹೆಮ್ಮೆಪಡುವ ನಾವು, ಊರಿನ ಹೆಂಗಸರು ಮದ್ಯದಂಗಡಿಯ ಎದುರು ಕುಳಿತಾಗ ಅದು ಅವರ ಹೋರಾಟವೆಂದು ದೂರ ನಿಲ್ಲುತ್ತೇವೆ.

ತಪಾಸಣೆಯ ವಿಷಯದಲ್ಲೂ ಅಷ್ಟೆ. ಹಗಲು ಹೊತ್ತು ಊರ ಪ್ರವೇಶದಲ್ಲಿ ಹೆಲ್ಮೆಟ್ ನೋಡುವ ಪೊಲೀಸರು ರಾತ್ರಿ ಹತ್ತರ ನಂತರ ಢಾಬಾಗಳಿರುವ ಕ್ರಾಸುಗಳಲ್ಲಿ ಉಸಿರು ತಪಾಸಣಾ ಯಂತ್ರ ಹಿಡಿದು ನಿಂತರೆ ಫಲ ಬೇರೆಯೇ ಆದೀತು. ಇದಕ್ಕಾಗಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ನಾಲ್ಕೂ ಪಟ್ಟಣಗಳ ಅಂಜುಮನ್‌ಗಳು, ಊರಿನ ಇತರ ಸಮಾಜಗಳ ಹಿರಿಯರನ್ನೂ ಸೇರಿಸಿಕೊಂಡು ಮನವಿ ಕೊಡಬಹುದು. ಅದರಲ್ಲಿ ಟ್ರೇಲರುಗಳಿಗೆ ಪ್ರತಿಫಲಕ ಪಟ್ಟಿ ಅಂಟಿಸುವ ಬೇಡಿಕೆಯೂ ಇರಲಿ.

ಮನೆಯೊಳಗೆ ಮಾಡಬೇಕಾದದ್ದೂ ಕಡಿಮೆಯಿಲ್ಲ. ಹದಿನಾರು ವರ್ಷದ ಮಗನಿಗೆ ಬೈಕ್ ಕೊಡುವ ತಂದೆಗೆ 2019ರ ತಿದ್ದುಪಡಿಯ ಪ್ರಕಾರ ಮೂರು ವರ್ಷದ ಸೆರೆವಾಸ ಮತ್ತು 25,000 ರೂಪಾಯಿ ದಂಡ ಬೀಳಬಹುದು. ಆ ಮಗನಿಗೆ 25 ವರ್ಷ ತುಂಬುವ ತನಕ ಪರವಾನಗಿ ಸಿಗದು. ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾಗಿ 2016ಕ್ಕೇ ಜಾರಿಯಾಗಿದೆ. ಹಿಂದೆ ಕೂರುವ ಹೆಂಗಸರ ಬುರ್ಖಾ, ದುಪಟ್ಟಾದ ಅಂಚು ಚಕ್ರಕ್ಕೆ ಸಿಲುಕದಂತೆ ಕವಚ ಹಾಕಿಸಲು ತಗಲುವ ಖರ್ಚು ಒಂದು ಹೊತ್ತಿನ ಬಿರಿಯಾನಿಯದ್ದು. ಕುಡಿತದ ಕುರಿತಂತೆ ಒಂದು ತಪ್ಪು ನಂಬಿಕೆಯನ್ನೂ ತೊಡೆಯಬೇಕು: ಲಿಂಬೆರಸ, ಚಹಾ, ತಣ್ಣೀರ ಸ್ನಾನ ಯಾವುದೂ ರಕ್ತದಲ್ಲಿರುವ ಮದ್ಯವನ್ನು ಇಳಿಸುವುದಿಲ್ಲ. ಗಂಟೆಗೆ ಇಂತಿಷ್ಟೆಂದು ಯಕೃತ್ತು ಅದನ್ನು ನಿಧಾನವಾಗಿ ಕರಗಿಸಬೇಕು. ಮಧ್ಯರಾತ್ರಿಯ ತನಕ ಕುಡಿದವನು ಬೆಳಗ್ಗೆ ಲಾರಿ ಹತ್ತುವಾಗಲೂ ಅಮಲಿನಲ್ಲೇ ಇರಬಹುದು. ಕುಡಿತಕ್ಕೆ ಬಿದ್ದ ಮಗನನ್ನು ಮನೆಯಿಂದ ಹೊರಹಾಕುವುದು ಪರಿಹಾರವಲ್ಲ. ಧಾರವಾಡದಲ್ಲೇ ಸರಕಾರಿ ಮಾನಸಿಕ ಆರೋಗ್ಯ ಸಂಸ್ಥೆ, ಜನ ಡಿಮ್ಹಾನ್ಸ್ ಎನ್ನುವ ಆಸ್ಪತ್ರೆ ಇದೆ. ಅಲ್ಲಿಗೆ ಕರೆದೊಯ್ಯುವುದು ಅವಮಾನವಲ್ಲ.

ಅಪಘಾತ ನಡೆದುಹೋದಾಗ ಏನು ಮಾಡಬೇಕೆಂಬುದನ್ನು ಪ್ರತಿ ಮಸೀದಿಯ ಸೂಚನಾ ಫಲಕದಲ್ಲಿ ಬರೆದಿಡುವುದು ಸಾಧ್ಯ. 108ಕ್ಕೆ ಕರೆ. ಗಾಯಾಳುವನ್ನು ಆಸ್ಪತ್ರೆಗೆ ತಂದವನನ್ನು ಪೊಲೀಸರಾಗಲಿ ಆಸ್ಪತ್ರೆಯವರಾಗಲಿ ಹೆಸರು ಹೇಳುವಂತೆ ಒತ್ತಾಯಿಸುವಂತಿಲ್ಲ; ಕಾಯ್ದೆಯ 134ಎ ಸೆಕ್ಷನ್ ಅವನಿಗೆ ರಕ್ಷಣೆ ಕೊಡುತ್ತದೆ. 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ಕೇಂದ್ರದ ಯೋಜನೆಯಂತೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ, ಒಂದೂವರೆ ಲಕ್ಷ ರೂಪಾಯಿಯ ಮಿತಿಯಲ್ಲಿ ನಗದುರಹಿತ ಚಿಕಿತ್ಸೆ ಇದೆ. ಗುದ್ದಿ ಓಡಿಹೋದ ವಾಹನ ಪತ್ತೆಯಾಗದಿದ್ದರೂ ಸಾವಿಗೆ ಎರಡು ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಪರಿಹಾರವಿದೆ. ಪೊಲೀಸರು 48 ಗಂಟೆಗಳೊಳಗೆ ಅಪಘಾತದ ಮೊದಲ ವರದಿಯನ್ನು ನ್ಯಾಯಮಂಡಳಿಗೆ ಕಳುಹಿಸಬೇಕು. ಪರಿಹಾರದ ಅರ್ಜಿಯನ್ನು ಆರು ತಿಂಗಳೊಳಗೆ ಸಲ್ಲಿಸಬೇಕೆಂಬ ನಿಯಮ 2022ರ ಏಪ್ರಿಲ್ 1ರಿಂದ ಇದೆ. ಅದು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನೆಗೊಳಗಾಗಿದ್ದು, ತಡವಾದ ಕಾರಣಕ್ಕಷ್ಟೇ ಅರ್ಜಿಗಳನ್ನು ವಜಾ ಮಾಡಬಾರದೆಂದು 2025ರ ನವೆಂಬರಿನಲ್ಲಿ ಮಧ್ಯಂತರ ಆದೇಶ ಬಂದಿದ್ದರೂ, ಅದನ್ನು ನೆಚ್ಚಿ ಕೂರುವುದು ಬೇಡ.

ಇದ್ದತ್‌ನಲ್ಲಿರುವ ಹೆಣ್ಣುಮಗಳು ಠಾಣೆ, ನ್ಯಾಯಾಲಯ ಎಂದು ಅಲೆಯಲಾರಳು. ಆ ನಾಲ್ಕು ತಿಂಗಳು ಹತ್ತು ದಿನಗಳಲ್ಲಿ ಪ್ರಥಮ ವರ್ತಮಾನ ವರದಿ, ಮರಣೋತ್ತರ ಪರೀಕ್ಷೆಯ ವರದಿ, ವಾಹನದ ವಿಮಾ ಪಾಲಿಸಿಯ ಪ್ರತಿ ಇವುಗಳನ್ನು ಪಡೆದು, ಒಬ್ಬ ವಕೀಲರನ್ನು ಅವಳ ಮನೆಗೇ ಕರೆತರುವ ಕೆಲಸವನ್ನು ಜಮಾಅತ್ ಕಮಿಟಿ ತನ್ನ ಇಬ್ಬರು ಸದಸ್ಯರಿಗೆ ವಹಿಸಲಿ.